ಬಾಟಲಿಯ ಮೇಲಿನ ಬಡವಿ

ನಮ್ಮ ಮನೆತನ ಈ ಊರಿನಲ್ಲಿ ನಾಲ್ಕು ತಲೆಮಾರುಗಳಿಂದ ಮರ್ಯಾದೆಯಾಗಿ ಬಾಳಿಕೊಂಡು ಬಂದಿದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೆ ಈಚೆಗೆ ಕೆಲವರಿಗೆ ಮರೆತುಹೋದಂತೆ ಕಾಣುವುದರಿಂದ ಮತ್ತೊಮ್ಮೆ ಹೇಳಬೇಕಾಗಿದೆ. ಸಾರ್ವಜನಿಕ ಗ್ರಂಥಾಲಯ ನಿಂತಿರುವ ಜಾಗ ನಮ್ಮ ಮುತ್ತಜ್ಜ ಕೊಟ್ಟದ್ದು. ಆಸ್ಪತ್ರೆಯಲ್ಲಿ ಹೊರರೋಗಿಗಳು ಕೂರುವ ಉದ್ದ ಬೆಂಚಿನ ಮೇಲೆ ನಮ್ಮ ಅಜ್ಜನ ಹೆಸರು ಕೆತ್ತಿದೆ. ರೋಗಿಗಳ ಬೆನ್ನು ಉಜ್ಜಿ ಉಜ್ಜಿ ಅಕ್ಷರ ಸವೆದಿರಬಹುದು, ಆದರೆ ಗೊತ್ತಿದ್ದವರು ಈಗಲೂ ಓದಬಹುದು. ನಮ್ಮ ತಂದೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ನಿರೀಕ್ಷಕರಾಗಿದ್ದರು. ಅವರು ಮಾರುಕಟ್ಟೆಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ಸರಿಹೋಗುತ್ತಿದ್ದವೆಂದು ವ್ಯಾಪಾರಿಗಳೇ ಹೇಳುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಪ್ರತಿ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಸಿಸ್ಟರ್‌ಗಳು ನಮ್ಮ ಉಗುರು ನೋಡುತ್ತಿದ್ದರು. ಕೊಳಕು ಉಗುರಿನವರ ಮಾತನ್ನು ದೇವರೂ ಕೇಳುವುದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ನನ್ನ ಅಭಿಪ್ರಾಯವೂ ಅದೇ.

ನನ್ನ ಅಣ್ಣನ ಮಗ ಕಿತ್ತಳೆ ಹಣ್ಣಿನ ಜಾಮ್ ತಯಾರಿಸಿ ಹೊರದೇಶಗಳಿಗೆ ಕಳಿಸುವ ಕಂಪನಿ ನಡೆಸುತ್ತಾನೆ. ಗಂಡ ಬಿಟ್ಟವರು, ಗಂಡ ಸತ್ತವರು, ಗಂಡ ಇದ್ದೂ ಪ್ರಯೋಜನವಿಲ್ಲದವರು, ಇಂಥ ಹೆಂಗಸರಿಗೆ ಕೆಲಸ ಕೊಡುವುದು ಕಂಪನಿಯ ಸಾಮಾಜಿಕ ಉದ್ದೇಶ. ಜಾಮ್ ಮಾರುವುದು ವಾಣಿಜ್ಯ ಉದ್ದೇಶ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತವೆ ಎಂದು ನಾನು ಮೊದಲೇ ಹೇಳಿದ್ದೆ. ಹಾಗೆ ಎಳೆಯದಂತೆ ನೋಡಿಕೊಳ್ಳಲು ನನ್ನನ್ನೇ ಗೌರವ ಅಧ್ಯಕ್ಷೆಯನ್ನಾಗಿ ಮಾಡಿದರು.

ನಾನು ಹಾಕಿದ್ದು ಒಂದೇ ಷರತ್ತು. ಕೆಲಸಕ್ಕೆ ಬರುವ ಹೆಂಗಸರ ಮಕ್ಕಳಿಗೆ ಕಾರ್ಖಾನೆಯೊಳಗೆ ಒಂದು ಕೋಣೆ ಬೇಕು. ಗೋದಾಮಿನ ಪಕ್ಕದಲ್ಲಿ ಬೆಳಕು ಚೆನ್ನಾಗಿ ಬರುವ ಕೋಣೆಯೊಂದು ಸಿಕ್ಕಿತು. ಚಾಪೆ ಹಾಸಿಸಿದೆ, ಮಕ್ಕಳ ಕೈಗೆ ಎಟಕುವಷ್ಟು ಕೆಳಗೆ ನಲ್ಲಿ ಹಾಕಿಸಿದೆ, ಕಿಟಕಿಗೆ ಜಾಲರಿ ಹೊಡೆಸಿದೆ. ಅಮ್ಮಂದಿರು ಈ ಕಡೆ ಸಿಪ್ಪೆ ಹೆಚ್ಚುತ್ತಿದ್ದರೆ ಮಕ್ಕಳು ಆ ಕಡೆ ಮಲಗಿರುತ್ತಿದ್ದವು. ಯಾರಾದರೂ ಅತ್ತರೆ ಗೋಡೆಯ ಈಚೆಗೆ ಕೇಳಿಸುತ್ತಿತ್ತು, ಯಾರ ಮಗು ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಶುಚಿತ್ವದ ನಿಯಮಗಳನ್ನೂ ನಾನೇ ಬರೆದೆ. ಕಾರ್ಖಾನೆಯೊಳಗೆ ಕಾಲಿಡುವ ಪ್ರತಿಯೊಬ್ಬರೂ ಬೂದುಬಣ್ಣದ ಒರಟು ಏಪ್ರನ್ ಮತ್ತು ಬಟ್ಟೆಯ ಟೋಪಿ ಧರಿಸತಕ್ಕದ್ದು. ಬಳೆ, ಸರ, ಉಂಗುರ, ಗಡಿಯಾರಗಳನ್ನು ಬಾಗಿಲಲ್ಲೇ ಬಿಚ್ಚಿಡತಕ್ಕದ್ದು. ಕುದಿಯುವ ಪಾತ್ರೆಯ ಬಳಿ ನಗತಕ್ಕದ್ದಲ್ಲ, ಏಕೆಂದರೆ ನಕ್ಕಾಗ ಎಂಜಲು ಸಿಡಿಯುತ್ತದೆ. ಈ ನಿಯಮಗಳಿಂದ ಯಾರಿಗೂ ವಿನಾಯಿತಿ ಇರಲಿಲ್ಲ. ಅವುಗಳನ್ನು ಪೂರ್ತಿಯಾಗಿ ಪಾಲಿಸುತ್ತಿದ್ದವಳು ನಾನೊಬ್ಬಳೇ. ಹೆಂಗಸರು ನನಗೆ ಹಿಂದಿನಿಂದ ‘ಉಗುರಮ್ಮ’ ಎಂದು ಹೆಸರಿಟ್ಟಿದ್ದರು. ಕೆಲವೊಮ್ಮೆ ಮುಂದಿನಿಂದಲೂ ಕರೆಯುತ್ತಿದ್ದರು.

ತಪ್ಪು ನಡೆದದ್ದು ಲೇಬಲ್ಲಿಗಾಗಿ ಫೋಟೊ ತೆಗೆದ ದಿನ. ಹೊರದೇಶದ ಖರೀದಿದಾರರು ಬಾಟಲಿಯ ಮೇಲೆ ‘ನೊಂದ ಮುಖ’ವೊಂದು ಬೇಕೆಂದು ಹೇಳಿಕಳಿಸಿದ್ದರು. ಫೋಟೊಗ್ರಾಫರ್ ಬಂದು ಕಾರ್ಖಾನೆಯೆಲ್ಲ ಸುತ್ತಿದ. ಹೆಂಗಸರು ಹೊತ್ತಿಗೆ ಸರಿಯಾಗಿ ಊಟ ಮಾಡಿ ಕೆನ್ನೆ ತುಂಬಿಕೊಂಡಿದ್ದರು. ಕ್ಯಾಮೆರಾ ಕಂಡು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ಎಲ್ಲಿ ನೋಡಿದರೂ ಅವನಿಗೆ ನೋವು ಸಿಗಲಿಲ್ಲ. ಕೊನೆಗೆ ಸಾಲಿನ ತುದಿಯಲ್ಲಿ, ಬೂದು ಏಪ್ರನ್ ತೊಟ್ಟು, ಮೈಮೇಲೆ ಗುಂಜಿ ಬಂಗಾರವಿಲ್ಲದೆ, ಒಬ್ಬಳ ಹೆಬ್ಬೆರಳಿನ ಉಗುರನ್ನು ದಿಟ್ಟಿಸುತ್ತಿದ್ದ ಒಂದು ಮುಖ ಕಂಡಿತು. ಆ ದಿನ ನನಗೆ ಹಲ್ಲುನೋವೂ ಇತ್ತು.

ಮೊದಲ ಲೇಬಲ್ ಅಚ್ಚಾಗಿ ಬಂದಾಗ ಅದನ್ನು ಹಿಡಿದುಕೊಂಡು ಅಣ್ಣನ ಮಗನ ಕೋಣೆಗೆ ಹೋದೆ. ನನ್ನ ಮುಖದ ಕೆಳಗೆ ಹೀಗೆ ಬರೆದಿತ್ತು: ‘ಇವಳ ಗಂಡನಿಗೆ ಕೆಲಸವಿಲ್ಲ. ನೀವು ಕೊಳ್ಳುವ ಪ್ರತಿ ಬಾಟಲಿಯೂ ಇವಳ ಮನೆಯ ಒಲೆ ಹೊತ್ತಿಸುತ್ತದೆ.’

“ಇದು ಯಾರು?” ಎಂದು ಕೇಳಿದೆ.

“ನೀವೇ, ಅತ್ತೆ. ಚೆನ್ನಾಗಿ ಬಂದಿದೆ.”

“ನಿಮ್ಮ ಮಾವ ಸ್ಟೇಷನ್ ಮಾಸ್ಟರ್ ಆಗಿದ್ದವರು.”

“ಆಗಿದ್ದವರು. ಈಗ?”

“ಈಗ ನಿವೃತ್ತರು.”

“ಅಂದ್ರೆ ಕೆಲಸ ಇಲ್ಲ. ಕಂಪನಿ ಸುಳ್ಳು ಬರೆಯೋದಿಲ್ಲ, ಅತ್ತೆ. ಸುಳ್ಳು ಬರೆದ್ರೆ ಅಲ್ಲಿ ಕೇಸ್ ಹಾಕ್ತಾರೆ.”

ಅಕ್ಷರಶಃ ನೋಡಿದರೆ ಅವನ ಮಾತಿನಲ್ಲಿ ದೋಷವಿರಲಿಲ್ಲ. ಆದರೂ ಲೇಬಲ್ಲಿನಿಂದ ನನ್ನ ಫೋಟೊ ತೆಗೆದುಹಾಕಬೇಕೆಂದು ಪಟ್ಟು ಹಿಡಿದೆ. ಆಗ ಅವನು ‘ಉದ್ದೇಶ ಅಧಿಕಾರಿ’ಯನ್ನು ಒಳಗೆ ಕರೆದ. ಕಂಪನಿಯ ಸಾಮಾಜಿಕ ಉದ್ದೇಶವನ್ನು ನೋಡಿಕೊಳ್ಳಲು ನೇಮಿಸಿದ ಈ ಹುಡುಗಿಗೆ ಉದ್ದೇಶದಷ್ಟೇ ದೊಡ್ಡದೊಂದು ಮೇಜು ಕೊಟ್ಟಿದ್ದರು. ಅವಳು ನನಗೆ ಕಂಪನಿಯ ಸಮತೋಲನ ನಿಯಮವನ್ನು ಓದಿ ಹೇಳಿದಳು.

‘ವ್ಯಾಪಾರದಲ್ಲಿ ಉಂಟಾಗುವ ಪ್ರತಿ ಏರಿಕೆಗೆ ತಕ್ಕಂತೆ ಸಾಮಾಜಿಕ ಉದ್ದೇಶದಲ್ಲಿಯೂ ಏರಿಕೆ ಉಂಟಾಗತಕ್ಕದ್ದು. ಸದರಿ ಏರಿಕೆಯು ಬಾಟಲಿಯ ಹೊರಮೈಯಲ್ಲಿ ಬರಿಗಣ್ಣಿಗೆ ಕಾಣುವಂತಿರತಕ್ಕದ್ದು.’

“ಹಾಗಂದರೇನು?” ಎಂದೆ.

“ಮೇಡಂ, ಲೇಬಲ್ ಎಷ್ಟು ದುಃಖವಾಗಿದ್ರೆ ಬೆಲೆ ಅಷ್ಟು ಏರುತ್ತೆ. ಬೆಲೆ ಏರಿದ್ರೆ ಕಡಿಮೆ ಬಾಟಲಿಯಲ್ಲಿ ಕಂಪನಿ ನಡೆಯುತ್ತೆ. ಏರದಿದ್ರೆ ಹೆಚ್ಚು ಬಾಟಲಿ ಮಾಡ್ಬೇಕು. ಹೆಚ್ಚು ಬಾಟಲಿ ಇಡೋಕೆ ಜಾಗ ಬೇಕು.”

“ಯಾವ ಜಾಗ?”

ಅವಳು ಗೋದಾಮಿನ ಕಡೆಯ ಗೋಡೆಯನ್ನು ನೋಡಿದಳು. ಆಚೆಯಿಂದ ಮಗುವೊಂದು ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಫೋಟೊ ಇದ್ದಲ್ಲೇ ಉಳಿಯಿತು.

ಮುಂದಿನ ಸುಗ್ಗಿಗೆ ಬೇಡಿಕೆ ಎರಡರಷ್ಟಾಯಿತು. ನಿಯಮದ ಪ್ರಕಾರ ದುಃಖವೂ ಎರಡರಷ್ಟಾಗಬೇಕಿತ್ತು. ಅಣ್ಣನ ಮಗ ಮನೆಗೇ ಬಂದ. ಬಂದವನು ಕೂರಲಿಲ್ಲ.

“ಅತ್ತೆ, ಎರಡೇ ದಾರಿ ಉಳಿದಿರೋದು. ಮಕ್ಕಳ ಕೋಣೆ ಹೋಗ್ಬೇಕು, ಇಲ್ಲ ಮಾವ ಹೋಗ್ಬೇಕು.”

ನಮ್ಮ ಯಜಮಾನರು ಕುರ್ಚಿಯಲ್ಲಿ ಕೂತು ಪತ್ರಿಕೆಯ ಪದಬಂಧ ತುಂಬಿಸುತ್ತಿದ್ದರು. ಅವರು ತಲೆಯೆತ್ತಿ ವಿಚಾರಿಸಿದರು.

“ನಾನು ಹೇಗೆ ಹೋಗೋದು? ಕಾಯಿಲೆಯಾ?”

“ಕುಡಿದು, ಮಾವ.”

“ಸರಿ ಬಿಡು. ಕಾಯಿಲೆ ಅಂದಿದ್ರೆ ನಿಮ್ಮತ್ತೆಗೆ ಆರೈಕೆ ಮಾಡೋ ಕಷ್ಟ.”

“ರೀ, ನೀವು ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ” ಎಂದೆ.

“ಅದಕ್ಕೇ ಕಣೇ, ಸತ್ತ ಮೇಲಾದ್ರೂ ಕುಡಿದೆ ಅನ್ನಿಸ್ಕೊಳ್ಳೋಣ. ‘ಮಾನ’ ಅನ್ನೋದಕ್ಕೆ ಮೂರಕ್ಷರದ ಇನ್ನೊಂದು ಪದ ಹೇಳು.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಜಾಮಿಗೆ ಹೋದ ಮಾನದ ಬಗ್ಗೆ ಹಿರಿಯರು ಏನೂ ಹೇಳಿಲ್ಲ. ಮಕ್ಕಳ ಕೋಣೆ ಉಳಿಯುತ್ತದೆ ಎಂದು ಅಣ್ಣನ ಮಗನಿಂದ ಮಾತು ತೆಗೆದುಕೊಂಡು ಒಪ್ಪಿದೆ. ಆ ಸುಗ್ಗಿಯಿಂದ ನಮ್ಮ ಯಜಮಾನರು ಬಾಟಲಿಯ ಮೇಲೆ ಕುಡಿದು ಸತ್ತವರಾದರು. ಖರೀದಿದಾರರ ಕಡೆಯವರು ಊರಿಗೆ ಬಂದ ದಿನಗಳಲ್ಲಿ ಅವರು ಮನೆಯ ಮುಂದಿನ ಕುರ್ಚಿ ಬಿಟ್ಟು ಹಿತ್ತಲಿನ ಕುರ್ಚಿಯಲ್ಲಿ ಕೂರತಕ್ಕದ್ದೆಂದು ಕಂಪನಿ ಸುತ್ತೋಲೆ ಹೊರಡಿಸಿತು. ಹಿತ್ತಲಲ್ಲಿ ಗಾಳಿ ಚೆನ್ನಾಗಿದೆಯೆಂದು ಅವರು ಉಳಿದ ದಿನಗಳಲ್ಲಿಯೂ ಅಲ್ಲೇ ಕೂರತೊಡಗಿದರು.

ಕಾರ್ಖಾನೆಯಲ್ಲಿ ಬಾಟಲಿಗೆ ಮುಚ್ಚಳ ಬಿಗಿಯುವವಳೊಬ್ಬಳಿದ್ದಾಳೆ. ಅವಳನ್ನು ಎಲ್ಲರೂ ‘ಮುಚ್ಚಳದಕ್ಕ’ ಎನ್ನುತ್ತಾರೆ. ಅವಳ ಬಾಯಿಗೆ ಮಾತ್ರ ಮುಚ್ಚಳವಿಲ್ಲ. ಅವಳು ಎಲ್ಲರೆದುರು ನನ್ನ ಕೈ ಹಿಡಿದುಕೊಂಡು ಹೇಳಿದಳು: “ಅಮ್ಮಾ, ನನ್ ಗಂಡ ನಿಜವಾಗ್ಲೂ ಕುಡಿದು ಸತ್ತ, ಯಾರೂ ಒಂದು ಬಾಟ್ಲಿ ಕೊಳ್ಳಲಿಲ್ಲ. ನಿಮ್ ಯಜಮಾನ್ರದ್ದು ಕೈಗುಣ.”

“ಮೊದಲು ಉಗುರು ತೋರಿಸು” ಎಂದೆ.

“ತಗೊಳ್ಳಿ. ಗಂಡ ಸತ್ರೂ ಉಗುರು ಬಿಡಲ್ಲ ನೀವು.”

ಹೆಂಗಸರು ಕುದಿಯುವ ಪಾತ್ರೆಯ ಬಳಿಯೇ ನಕ್ಕರು. ಎಚ್ಚರಿಕೆ ಕೊಟ್ಟೆ.

ಮೂರನೆಯ ಸುಗ್ಗಿಗೆ ನಮ್ಮ ಮನೆ ಸುಟ್ಟುಹೋಯಿತು. ಅದರ ಬಗ್ಗೆ ಹೆಚ್ಚು ಚರ್ಚೆ ನಡೆಯಲಿಲ್ಲ. ಮುತ್ತಜ್ಜ ಕಟ್ಟಿಸಿದ, ಸುಣ್ಣ ಬಳಿದ, ಎರಡಂತಸ್ತಿನ ಮನೆ ಎಂದು ನಾನು ಸಭೆಯಲ್ಲಿ ಹೇಳಿದೆ. ‘ಸುಣ್ಣ ಬಳಿದ’ ಎಂಬ ವಿವರ ದುಃಖವನ್ನು ಹೆಚ್ಚಿಸುತ್ತದೆಂದು ಉದ್ದೇಶ ಅಧಿಕಾರಿ ಅದನ್ನು ಲೇಬಲ್ಲಿಗೆ ಸೇರಿಸಿಕೊಂಡಳು.

ಆ ವರ್ಷವೇ ಖರೀದಿದಾರರ ಕಡೆಯಿಂದ ಇಬ್ಬರು ಬಂದರು. ಗೌರವ ಅಧ್ಯಕ್ಷೆಯಾಗಿ ನಾನು ರೇಷ್ಮೆ ಸೀರೆಯುಟ್ಟು, ಬಾಗಿಲಲ್ಲಿ ನಿಂತು, ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಅವರನ್ನು ಸ್ವಾಗತಿಸಿದೆ. ಅವರು ಸಂತೋಷದಿಂದ ಕೈಕುಲುಕಿ, ಲೇಬಲ್ಲಿನ ಹೆಂಗಸನ್ನು ನೋಡಬಹುದೇ ಎಂದು ನನ್ನನ್ನೇ ಕೇಳಿದರು. ನೋಡಬಹುದು ಎಂದು ಹೇಳಿ, ಒಳಗೆ ಹೋಗಿ, ಒಡವೆ ಬಿಚ್ಚಿಟ್ಟು, ಏಪ್ರನ್ ಟೋಪಿ ಹಾಕಿಕೊಂಡು ಬಂದೆ. ಒಳಗೆ ಕಾಲಿಡುವವರೆಲ್ಲರಿಗೂ ಅದೇ ನಿಯಮ. ಈ ಬಾರಿ ಅವರು ಕೈಕುಲುಕಲಿಲ್ಲ. ಇಬ್ಬರ ಕಣ್ಣಲ್ಲೂ ನೀರು ಬಂತು.

“ದಯವಿಟ್ಟು ಕೂದಲು ಟೋಪಿಯೊಳಗೆ ಸೇರಿಸಿಕೊಳ್ಳಿ” ಎಂದು ನಾನು ಇಂಗ್ಲಿಷಿನಲ್ಲೇ ಹೇಳಿದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆ ಸುಟ್ಟುಹೋದ ವಿಧವೆಯೊಬ್ಬಳು ಇಷ್ಟು ಶುದ್ಧವಾಗಿ ಇಂಗ್ಲಿಷ್ ಮಾತಾಡುವುದು ಹೇಗೆ ಸಾಧ್ಯವಾಯಿತೆಂದು ಅಣ್ಣನ ಮಗನನ್ನು ವಿಚಾರಿಸಿದರು. ಅವನು ಎಂದೂ ತಡವರಿಸುವವನಲ್ಲ.

“ಎಲ್ಲಾ ನಮ್ಮ ಕಂಪನಿ ಕಲಿಸಿದ್ದು” ಎಂದ.

ನಾಲ್ಕನೆಯ ಲೇಬಲ್ಲಿನಲ್ಲಿ ನಾನು ಅಕ್ಷರವೇ ಬಾರದವಳಾಗಿದ್ದು, ಜಾಮ್ ಕೊಂಡವರ ದಯೆಯಿಂದ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಲು ಕಲಿತಿದ್ದೆ. ಅದನ್ನು ಓದಿದ ರಾತ್ರಿ ನಾನು ಊಟ ಮಾಡಲಿಲ್ಲ. ಯಜಮಾನರ ಸಾವನ್ನು ತಾಳಿಕೊಂಡಿದ್ದೆ, ಮನೆ ಸುಟ್ಟದ್ದನ್ನೂ ತಾಳಿಕೊಂಡಿದ್ದೆ. ಮರುದಿನ ಮಕ್ಕಳ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತೆ. ಮುಚ್ಚಳದಕ್ಕನ ಚಿಕ್ಕ ಮಗಳು ಚಾಪೆಯ ಮೇಲೆ ಅಂಗಾತ ಮಲಗಿದ್ದವಳು ನನ್ನನ್ನು ಕಂಡೊಡನೆ ಎದ್ದು ಕೂತು ಹತ್ತೂ ಬೆರಳು ಮುಂದೆ ಚಾಚಿದಳು. ಉಗುರುಗಳು ಸ್ವಚ್ಛವಾಗಿದ್ದವು. ನಾನು ಆಫೀಸಿಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟೂ ಇರಲೆಂದು ಉದ್ದೇಶ ಅಧಿಕಾರಿ ಕೇಳಿಕೊಂಡಳು, ಹೋಲಿಕೆಗಾಗಿ.

ಹೀಗೆ ಮೂಗಿಗಿಂತ ಮೂಗುತಿ ಭಾರವಾಗುತ್ತ ಹೋಯಿತು. ಐದನೆಯ ಸುಗ್ಗಿಗೆ ಕಂಪನಿಯ ಇತಿಹಾಸದಲ್ಲೇ ದೊಡ್ಡ ಬೇಡಿಕೆ ಬಂತು. ನನ್ನ ಬಳಿ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಆಡಳಿತ ಮಂಡಳಿ ಸಭೆ ಸೇರಿತು. ಉದ್ದೇಶ ಅಧಿಕಾರಿ ಹಳೆಯ ಲೇಬಲ್ಲುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದಳು.

“ಮೇಡಂ ಅವರೇ ಉಳಿದಿದ್ದಾರೆ.”

ಎಲ್ಲರೂ ನನ್ನ ಕಡೆ ನೋಡಿದರು. ಅಣ್ಣನ ಮಗ ನೀರಿನ ಲೋಟ ನನ್ನ ಹತ್ತಿರ ಸರಿಸಿದ.

“ಅತ್ತೆ, ನಿಮಗೆ ಏನೂ ತೊಂದರೆ ಇಲ್ಲ. ನೀವು ಎಂದಿನ ಹಾಗೆ ಬರಬಹುದು, ಹೋಗಬಹುದು. ಬಾಟಲಿ ಮೇಲೆ ‘ಇವಳ ನೆನಪಿಗಾಗಿ’ ಅಂತ ಒಂದು ಸಾಲು, ಅಷ್ಟೇ.”

“ಮಕ್ಕಳ ಕೋಣೆ?”

“ಕೋಣೆಗೆ ನಾನು ಜವಾಬ್ದಾರಿ.”

ನಾನು ಒಪ್ಪಿದೆ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಅಧ್ಯಕ್ಷೆಯಾಗಿ ನಾನೇ ಅದನ್ನು ಓದಿ ಹೇಳಿದೆ.

ಮರುದಿನ ಬೆಳಿಗ್ಗೆ ತರಕಾರಿ ಅಂಗಡಿಯವನು ತಕ್ಕಡಿ ಕೆಳಗಿಟ್ಟು ನಿಂತುಕೊಂಡ. “ಅಮ್ಮಾ, ನೀವು ಹೋದ್ರಂತೆ. ಕೇಳಿ ತುಂಬಾ ಬೇಜಾರಾಯ್ತು. ಟೊಮೇಟೊ ಅರ್ಧ ಕೆಜಿ ಸಾಕಾ?” ಸಾಕು ಎಂದೆ. ಗ್ರಂಥಾಲಯದವರು ನನ್ನ ಸದಸ್ಯತ್ವ ಕಾರ್ಡನ್ನು ಹಿಂದಿರುಗಿಸುವಂತೆ ನನಗೇ ಪತ್ರ ಬರೆದರು. ಆ ಗ್ರಂಥಾಲಯದ ಜಾಗ ಯಾರು ಕೊಟ್ಟದ್ದೆಂದು ಮೇಲೆ ಹೇಳಿದ್ದೇನೆ.

ಅದೇ ವಾರ ಮಂಡಳಿ ಇನ್ನೊಂದು ಸಭೆ ಸೇರಿತು. ನನ್ನ ನೆನಪಿಗೆ ತಕ್ಕ ಸ್ಮಾರಕ ಭವನವೊಂದು ಬೇಕೆಂದೂ, ಹೊರದೇಶದಿಂದ ಬಂದವರಿಗೆ ಅಲ್ಲಿ ನನ್ನ ಏಪ್ರನ್, ಟೋಪಿ ಮತ್ತು ಹೆಬ್ಬೆಟ್ಟಿನ ಗುರುತನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಬೇಕೆಂದೂ ಉದ್ದೇಶ ಅಧಿಕಾರಿ ಮಂಡಿಸಿದಳು. ಬೆಳಕು ಚೆನ್ನಾಗಿ ಬರುವ ಕೋಣೆ ಕಾರ್ಖಾನೆಯಲ್ಲಿ ಒಂದೇ ಇತ್ತು.

“ನನಗೆ ಸ್ಮಾರಕ ಬೇಡ. ಆ ಕೋಣೆ ಮಕ್ಕಳಿಗೆ ಬೇಕು. ನಾನು ಇದನ್ನು ವಿರೋಧಿಸುತ್ತೇನೆ” ಎಂದೆ.

ಉದ್ದೇಶ ಅಧಿಕಾರಿ ನಿಯಮಾವಳಿ ತಿರುವಿದಳು. ಅವಳ ಧ್ವನಿಯಲ್ಲಿ ಗೌರವಕ್ಕೆ ಕೊರತೆಯಿರಲಿಲ್ಲ.

“ಮೇಡಂ, ಮೃತರು ಸಭೆಯ ಅಧ್ಯಕ್ಷತೆ ವಹಿಸೋಕೆ ಅಡ್ಡಿಯೇನೂ ಇಲ್ಲ, ಅದರ ಬಗ್ಗೆ ನಿಯಮ ಏನೂ ಹೇಳಿಲ್ಲ. ಆದ್ರೆ ಮೃತರ ಮತ ಎಣಿಕೆಗೆ ಬರಲ್ಲ.”

“ನೀನು ಜವಾಬ್ದಾರಿ ಅಂದಿದ್ದೆ” ಎಂದು ಅಣ್ಣನ ಮಗನಿಗೆ ಹೇಳಿದೆ.

“ಅಂದಿದ್ದೆ, ಅತ್ತೆ. ನೀವು ಇದ್ದಾಗ.”

ಚಾಪೆಗಳನ್ನು ಸುತ್ತಿ ಗೋದಾಮಿನ ಹೊರಗೆ ನಿಲ್ಲಿಸಿದರು. ಕೆಳಗಿನ ನಲ್ಲಿಯನ್ನು ಕಿತ್ತು ಮೇಲೆ ಹಾಕಿದರು. ಹೆಂಗಸರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಬೇಕೆಂದು ಸುತ್ತೋಲೆ ಬಂತು. ಬಿಟ್ಟು ಬರಲು ಮನೆಯಲ್ಲಿ ಜನವಿದ್ದಿದ್ದರೆ ಅವರು ಈ ಕಂಪನಿಗೆ ಏಕೆ ಬರುತ್ತಿದ್ದರೆಂದು ಸುತ್ತೋಲೆಯಲ್ಲಿ ವಿವರಿಸಿರಲಿಲ್ಲ.

ಭವನದ ಉದ್ಘಾಟನೆಯ ದಿನವೇ ಸಂತಾಪ ಸಭೆಯೂ ಅಲ್ಲೇ ನಡೆಯಿತು. ಅಧ್ಯಕ್ಷತೆ ನನ್ನದು. ನನ್ನ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ನಾನೂ ನಿಂತೆ, ಏಕೆಂದರೆ ಶಿಷ್ಟಾಚಾರ ಎಲ್ಲರಿಗೂ ಒಂದೇ. ಹಿಂದಿನ ಸಾಲಿನಲ್ಲಿ ಮುಚ್ಚಳದಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಭೆ ಮುಗಿದ ಮೇಲೆ ಅವಳನ್ನು ಕರೆದು, ನಾನು ಎದುರಿಗೇ ಇದ್ದೇನಲ್ಲ, ಅಳು ಏಕೆ ಎಂದು ಕೇಳಿದೆ.

“ನಿಮಗಲ್ಲಮ್ಮ ಅಳ್ತಿರೋದು. ನನ್ ಮಗಳನ್ನ ಬೆಳಿಗ್ಗೆ ಒಳಗಿಟ್ಟು ಬೀಗ ಹಾಕಿ ಬಂದಿದೀನಿ.”

ಅವಳ ಉಗುರು ನೋಡುವುದು ಆ ದಿನ ಮರೆತುಹೋಯಿತು.

ಈಗ ಮಕ್ಕಳು ನಮ್ಮ ಮನೆಯಲ್ಲಿರುತ್ತವೆ. ಬೆಳಿಗ್ಗೆ ಅಮ್ಮಂದಿರು ಬಿಟ್ಟು ಹೋಗುತ್ತಾರೆ, ಸಂಜೆ ಕರೆದುಕೊಂಡು ಹೋಗುತ್ತಾರೆ. ಇದಕ್ಕೆ ಕಂಪನಿಯ ಅನುಮತಿ ಬೇಕೇ ಎಂದು ಉದ್ದೇಶ ಅಧಿಕಾರಿಯನ್ನು ಕೇಳಿದೆ. ಮನೆ ಸುಟ್ಟುಹೋಗಿರುವುದರಿಂದ ಅಲ್ಲಿ ನಡೆಯುವ ಯಾವ ಚಟುವಟಿಕೆಗೂ ಅನುಮತಿಯ ಅಗತ್ಯ ಬೀಳುವುದಿಲ್ಲವೆಂದು ಅವಳು ಲಿಖಿತವಾಗಿ ತಿಳಿಸಿದ್ದಾಳೆ. ಹೀಗಾಗಿ ಸುಟ್ಟುಹೋದ ಮನೆಯ ಹಿತ್ತಲಿನಲ್ಲಿ ಕುಡಿದು ಸತ್ತ ನಮ್ಮ ಯಜಮಾನರು ಮಕ್ಕಳಿಗೆ ರೈಲಿನ ಬಾವುಟ ತೋರಿಸುತ್ತಾರೆ. ಹಸಿರು ತೋರಿಸಿದರೆ ಓಡುತ್ತವೆ, ಕೆಂಪು ತೋರಿಸಿದರೆ ನಿಲ್ಲುತ್ತವೆ, ಒಂದೆರಡು ನಿಲ್ಲುವುದಿಲ್ಲ. ಊಟವಾದ ಮೇಲೆ ಅಕ್ಷರ ಬಾರದ ನಾನು ಅಕ್ಷರ ಹೇಳಿಕೊಡುತ್ತೇನೆ. ಮೊದಲು ಉಗುರು ನೋಡುತ್ತೇನೆ. ಜಾಮ್ ಹೊರದೇಶಗಳಲ್ಲಿ ಚೆನ್ನಾಗಿ ಹೋಗುತ್ತಿದೆಯಂತೆ. ಸಮತೋಲನಕ್ಕಾಗಿ ಕಂಪನಿಗೆ ಪ್ರಶಸ್ತಿಯೂ ಬಂದಿದೆ. ಅದನ್ನು ಸ್ಮಾರಕ ಭವನದಲ್ಲಿ ನನ್ನ ಹೆಬ್ಬೆಟ್ಟಿನ ಪಕ್ಕದಲ್ಲಿ ಇಟ್ಟಿದ್ದಾರೆ. ಊರಿನಲ್ಲಿ ಯಾರಿಗೂ ಇದರಲ್ಲಿ ವಿಶೇಷವೇನೂ ಕಾಣುತ್ತಿಲ್ಲ. ನನಗೂ ಈಗೀಗ ಅಭ್ಯಾಸವಾಗಿದೆ.

ಆದರೆ ಒಂದು ವಿಷಯವನ್ನು ಬಿಡಲಾಗದು. ಸಂತಾಪ ಸಭೆಯಲ್ಲಿ ಅಣ್ಣನ ಮಗ ಓದಿದ ನಿರ್ಣಯದಲ್ಲಿ ನನ್ನನ್ನು ‘ಹೇಳಿಕೊಳ್ಳುವಂಥ ಹಿನ್ನೆಲೆಯಿಲ್ಲದ ಮನೆಯಲ್ಲಿ ಹುಟ್ಟಿದವಳು’ ಎಂದು ವರ್ಣಿಸಲಾಗಿದೆ. ಓದಿದವನು ಹುಟ್ಟಿದ್ದೂ ಅದೇ ಮನೆಯಲ್ಲಿ. ಕೇಳಿದ್ದಕ್ಕೆ, “ಅತ್ತೆ, ಅದು ನಮ್ಮ ಮನೆತನ ಅಲ್ಲ, ಬಾಟಲಿ ಮನೆತನ” ಎಂದ. ಬಾಟಲಿಯ ಮೇಲೆ ನನ್ನ ಗಂಡನನ್ನು ಕೊಟ್ಟಿದ್ದೇನೆ, ಮನೆ ಕೊಟ್ಟಿದ್ದೇನೆ, ಅಕ್ಷರ ಕೊಟ್ಟಿದ್ದೇನೆ, ಜೀವ ಕೊಟ್ಟಿದ್ದೇನೆ. ಮುತ್ತಜ್ಜನನ್ನು ಕೊಟ್ಟಿಲ್ಲ, ಅಜ್ಜನ ಬೆಂಚನ್ನು ಕೊಟ್ಟಿಲ್ಲ, ನಮ್ಮ ತಂದೆಯ ತಕ್ಕಡಿಯನ್ನೂ ಕೊಟ್ಟಿಲ್ಲ.

ಕಂಪನಿಯು ನಮ್ಮ ಮನೆತನದ ಕ್ಷಮೆಯನ್ನು ಲಿಖಿತವಾಗಿ, ಆ ಮಾತು ಆಡಿದ ಕೋಣೆಯಲ್ಲೇ, ಚಾಪೆಗಳನ್ನು ಮತ್ತೆ ಹಾಸಿದ ಮೇಲೆ ಕೇಳತಕ್ಕದ್ದು.